ವಾರ್ಷಿಕ ತಪಾಸಣೆಗೆ ಎಷ್ಟಾಗುತ್ತದೆ? ವಿಮಾನ ರಿಪೇರಿಗೆ ದರ ಕಟ್ಟುವ ಲೆಕ್ಕ

ಫೋನಿನಲ್ಲಿ ಬರುವ ಮೊದಲ ಪ್ರಶ್ನೆ ಇದೇ: "ವಾರ್ಷಿಕ ತಪಾಸಣೆಗೆ ಎಷ್ಟಾಗುತ್ತದೆ?" ವಿಮಾನ ಎಷ್ಟು ಹಳೆಯದು, ಲಾಗ್‌ಬುಕ್ ಹೇಗಿದೆ ಎಂದು ಕೇಳುವ ಮೊದಲೇ ಬಾಯಿಗೆ ಬಂದ ಅಂಕಿ ಹೇಳಿಬಿಟ್ಟರೆ ಮುಂದಿನ ಎರಡು ವಾರ ಅದೇ ಅಂಕಿ ಕೊರಳಿಗೆ ಸುತ್ತಿಕೊಳ್ಳುತ್ತದೆ. ಹೆಚ್ಚು ಹೇಳಿದರೆ ಗಿರಾಕಿ ಹೋದ, ಕಡಿಮೆ ಹೇಳಿದರೆ ಕೈ ಕಚ್ಚಿತು. ಕಚ್ಚಿದ ಕೈ ಸಾಮಾನ್ಯವಾಗಿ ಹ್ಯಾಂಗರ್ (ವಿಮಾನ ರಿಪೇರಿಯ ಶೆಡ್ಡು) ಮಾಲೀಕರದ್ದಲ್ಲ, ಸ್ಪ್ಯಾನರ್ ಹಿಡಿದವರದ್ದು. ಆದ್ದರಿಂದ ಕೆಲಸದ ಅಂದಾಜಿಗೆ ಕೂರುವ ಮೊದಲು ಗಂಟೆಯ ದರವನ್ನು ಬುಡದಿಂದ ಕಟ್ಟಿಕೊಳ್ಳಬೇಕು. ಇದನ್ನು ಒಮ್ಮೆ ಸರಿಯಾಗಿ ಮಾಡಿದರೆ ಪ್ರತಿ ಸಲ ಫೋನಿನಲ್ಲಿ ತಡವರಿಸುವುದು ತಪ್ಪುತ್ತದೆ.

ಹಣ ಯಾವ ದೇಶದ್ದಾದರೂ ಲೆಕ್ಕದ ದಾರಿ ಒಂದೇ. ಹಾಗಾಗಿ ಮೆಕ್ಯಾನಿಕ್‌ಗೆ ಕೊಡುವ ಸಂಬಳ ಗಂಟೆಗೆ 100 ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 52 ವಾರ, ವಾರಕ್ಕೆ 40 ಗಂಟೆಯಂತೆ 2,080 ಗಂಟೆಗೆ ಸಂಬಳ ಹೋಗುತ್ತದೆ, ಅಂದರೆ 2,08,000. ಇದಕ್ಕೆ ವಿಮೆ, ನಿವೃತ್ತಿ ನಿಧಿ, ಟೂಲ್ ಭತ್ಯೆ ಸೇರಿಸಿ ನಾಲ್ಕನೇ ಒಂದು ಭಾಗ ಹೆಚ್ಚಿಸಿದರೆ 2,60,000. ಈಗ ಗಂಟೆಗಳ ಕಡೆ ಬನ್ನಿ. ರಜೆ, ಹಬ್ಬ, ಕಾಯಿಲೆ, ತರಬೇತಿ ಎಂದು ವರ್ಷಕ್ಕೆ 30 ದಿನ ಕಳೆದರೆ 240 ಗಂಟೆ ಹೋಯಿತು, ಉಳಿದದ್ದು 1,840. ಹ್ಯಾಂಗರ್‌ನಲ್ಲಿ ಹಾಜರಿರುವ ಈ 1,840 ಗಂಟೆಯಲ್ಲಿ ಎಷ್ಟನ್ನು ಯಾರದಾದರೂ ಬಿಲ್ಲಿಗೆ ಬರೆಯಬಹುದು? ವಿಮಾನವನ್ನು ಒಳಗೆ ಎಳೆಯುವುದು, ಬಿಡಿಭಾಗಕ್ಕೆ ಕಾಯುವುದು, ನೆಲ ಗುಡಿಸುವುದು, ಹೊಸಬರಿಗೆ ತೋರಿಸಿಕೊಡುವುದು, ಒಮ್ಮೆ ಮಾಡಿದ್ದನ್ನು ಮತ್ತೆ ಮಾಡುವುದು, ಇವೆಲ್ಲ ತೆಗೆದರೆ 70 ಶೇಕಡಾ ಸಿಕ್ಕಿದರೂ ಒಳ್ಳೆಯ ಹ್ಯಾಂಗರ್ ಎನ್ನಬೇಕು. ಅದು 1,288 ಗಂಟೆ. 2,60,000ವನ್ನು 1,288ರಿಂದ ಭಾಗಿಸಿದರೆ 202. ಅಂದರೆ 100 ಸಂಬಳದ ಮೆಕ್ಯಾನಿಕ್, ಬಿಲ್ಲಿನ ಒಂದು ಗಂಟೆಗೆ ಬೀಳುವ ಖರ್ಚಿನಲ್ಲಿ ಆಗಲೇ 202 ಆಗಿಬಿಟ್ಟರು. ಹ್ಯಾಂಗರ್ ಬಾಡಿಗೆ, ಹೊಣೆಗಾರಿಕೆ ವಿಮೆ, ಕೈಪಿಡಿಗಳ ವಾರ್ಷಿಕ ಚಂದಾ, ಟಾರ್ಕ್ ರೆಂಚ್ ಮತ್ತು ಗೇಜುಗಳ ಕ್ಯಾಲಿಬ್ರೇಷನ್, ಜ್ಯಾಕು, ಕಂಪ್ರೆಸರ್, ವಿದ್ಯುತ್ತು, ಲೆಕ್ಕ ಬರೆಯುವವರು, ಇವುಗಳಲ್ಲಿ ಒಬ್ಬ ಮೆಕ್ಯಾನಿಕ್‌ನ ಪಾಲಿಗೆ 1,40,000 ಬಂತೆನ್ನಿ. ಗಂಟೆಗೆ ಇನ್ನೊಂದು 109. ಒಟ್ಟು 311. ಮೇಲೆ 12 ಶೇಕಡಾ ಲಾಭ ಇಟ್ಟರೆ 348.

ಸಂಬಳದ ಮೂರೂವರೆ ಪಟ್ಟು. ಗಿರಾಕಿಗೆ ಇದು ದರೋಡೆಯಂತೆ ಕಾಣುತ್ತದೆ, ಮೆಕ್ಯಾನಿಕ್‌ಗೂ ಹಾಗೆಯೇ ಕಾಣುತ್ತದೆ: "ನನಗೆ 100 ಕೊಟ್ಟು ನನ್ನ ಹೆಸರಲ್ಲಿ 348 ವಸೂಲಿ." ಲೆಕ್ಕವನ್ನು ಗೋಡೆಗೆ ಅಂಟಿಸಿದರೆ ಇಬ್ಬರ ಗೊಣಗಾಟವೂ ಅರ್ಧ ಇಳಿಯುತ್ತದೆ. ಅದೇ ಲೆಕ್ಕ ಇನ್ನೂ ಎರಡು ವಿಷಯ ಹೇಳುತ್ತದೆ. ಬಿಲ್ಲಾಗುವ ಗಂಟೆ 70ರಿಂದ 60 ಶೇಕಡಾಕ್ಕೆ ಇಳಿದರೆ ಅಸಲು ಖರ್ಚೇ 311ರಿಂದ 362ಕ್ಕೆ ಏರುತ್ತದೆ. ಸಂಬಳ ಒಂದು ಕಾಸು ಹೆಚ್ಚಿಲ್ಲ, ಆದರೂ ದರ ಆರನೇ ಒಂದು ಭಾಗ ಮೇಲೆ. ಹಾಗಾಗಿ ದರ ಇಳಿಸಬೇಕೆಂದಿದ್ದರೆ ಸಂಬಳಕ್ಕೆ ಕತ್ತರಿ ಹಾಕುವುದಕ್ಕಿಂತ ಬಿಡಿಭಾಗಕ್ಕೆ ಕಾಯುವ ಹೊತ್ತನ್ನು ಕಡಿಮೆ ಮಾಡುವುದೇ ಲಾಭ. ಎರಡನೆಯದು, "ಹತ್ತು ಪರ್ಸೆಂಟ್ ಬಿಟ್ಟುಕೊಡಿ" ಎಂಬ ಮಾತು. 348ರಲ್ಲಿ ಹತ್ತು ಶೇಕಡಾ ಹೋದರೆ 313. ಅಸಲು 311. ಉಳಿದದ್ದು 2. ಬಿಟ್ಟುಕೊಟ್ಟದ್ದು ಹತ್ತು ಶೇಕಡಾ ಅಲ್ಲ, ಹೆಚ್ಚುಕಡಿಮೆ ಲಾಭ ಪೂರ್ತಿ.

ಸ್ವಂತವಾಗಿ ಕೆಲಸ ಮಾಡುವ ಲೈಸೆನ್ಸುದಾರರು ಎಡವುವುದೂ ಇಲ್ಲೇ. ಸಂಬಳ 100 ಇದ್ದವರು ಕೆಲಸ ಬಿಟ್ಟು 150ಕ್ಕೆ ಹೊರಗಡೆ ಕೆಲಸ ಹಿಡಿದಾಗ ಅರ್ಧದಷ್ಟು ಹೆಚ್ಚು ದುಡಿಯುತ್ತಿದ್ದೇವೆ ಅನ್ನಿಸುತ್ತದೆ. ಒಬ್ಬರೇ ಇದ್ದಾಗ ಓಡಾಟ, ಫೋನು, ಬಿಲ್ಲು, ವಸೂಲಿ ಎಲ್ಲ ಅವರದೇ. 1,100 ಗಂಟೆ ಬಿಲ್ಲಾದರೆ ಹೆಚ್ಚು. 1,65,000 ಬಂತು, ಅದರಲ್ಲಿ ವಿಮೆ, ಕೈಪಿಡಿ, ಟೂಲು, ವಾಹನಕ್ಕೆ 45,000 ಹೋಯಿತು. ಕೈಗೆ 1,20,000. ಸಂಬಳದಲ್ಲಿ 2,08,000 ಇತ್ತು, ವಿಮೆ ಬೇರೆ.

ದರ ಕಟ್ಟಿಯಾಯಿತು. ಇನ್ನು ಒಂದು ಕೆಲಸವನ್ನು ಹಿಡಿದು ಕೊನೆಯವರೆಗೆ ಹೋಗೋಣ: ನಾಲ್ಕು ಆಸನ, ಒಂದೇ ನಾಲ್ಕು ಸಿಲಿಂಡರ್ ಪಿಸ್ಟನ್ ಎಂಜಿನ್, ಮಡಚದ ಚಕ್ರ, ಸ್ಥಿರ ಪಿಚ್ (ಅಲಗಿನ ಕೋನ ಬದಲಾಗದ) ಪ್ರೊಪೆಲ್ಲರ್. ಸೆಸ್ನಾ 172ರ ಜಾತಿಯದ್ದು. ಚಕ್ರ ಮಡಚುವ ವಿಮಾನವಾದರೆ ಜ್ಯಾಕ್ ಮೇಲೆ ಏರಿಸಿ ಗೇರ್ ಆಡಿಸಿ ನೋಡಬೇಕು, ಅದಕ್ಕೆ ಇಬ್ಬರು ಬೇಕು, ಅರ್ಧ ದಿನ ಹೆಚ್ಚು. ವೇರಿಯೆಬಲ್ ಪಿಚ್ ಪ್ರೊಪೆಲ್ಲರ್, ಟರ್ಬೋಚಾರ್ಜರ್, ಆಕ್ಸಿಜನ್ ಇದ್ದರೆ ಒಂದೊಂದಕ್ಕೂ ಬೇರೆ ಗಂಟೆ.

ಅಂದಾಜು ಹೇಳುವ ಮೊದಲು ಕೇಳಲೇಬೇಕಾದ ನಾಲ್ಕು ಮಾತುಗಳಿವೆ. ಕೊನೆಯ ತಪಾಸಣೆಯಿಂದ ಈಚೆಗೆ ಎಷ್ಟು ಗಂಟೆ ಹಾರಿದೆ? ಹೊರಗೆ ನಿಲ್ಲುತ್ತದೆಯೋ, ಸೂರಿನಡಿಯೋ? ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ವಿದ್ಯುತ್ತು ಕೊಡುವ ಮ್ಯಾಗ್ನೆಟೋಗಳನ್ನು ಕೊನೆಗೆ ಬಿಚ್ಚಿದ್ದು ಯಾವಾಗ, 500 ಗಂಟೆಯ ತಪಾಸಣೆ ಬಾಕಿ ಇದೆಯೇ? ವಿಮಾನಯಾನ ಪ್ರಾಧಿಕಾರದ ಕಡ್ಡಾಯ ಸುರಕ್ಷತಾ ಆದೇಶಗಳಾದ ಏರ್‌ವರ್ದಿನೆಸ್ ಡೈರೆಕ್ಟಿವ್‌ಗಳ, ಅಂದರೆ ಏಡಿಗಳ (AD), ಪಟ್ಟಿ ಯಾರಾದರೂ ಮಾಡಿಟ್ಟಿದ್ದಾರೆಯೇ? ಕೊನೆಯ ಪ್ರಶ್ನೆಗೆ "ಲಾಗ್‌ಬುಕ್‌ನಲ್ಲಿ ಎಲ್ಲ ಇದೆ" ಎಂದು ಉತ್ತರ ಬಂದರೆ ಪಟ್ಟಿ ಇಲ್ಲವೆಂದೇ ಅರ್ಥ. ವರ್ಷದಲ್ಲಿ 12 ಗಂಟೆ ಮಾತ್ರ ಹಾರಿದ ವಿಮಾನ ಎಂದು ಹಿಗ್ಗಬಾರದು. ಲೈಕಾಮಿಂಗ್ ಕಂಪನಿಯ ಎಂಜಿನಿನಲ್ಲಿ ವಾಲ್ವ್‌ಗಳನ್ನು ಆಡಿಸುವ ಕ್ಯಾಮ್‌ಶಾಫ್ಟ್ ಮೇಲುಗಡೆ ಇರುತ್ತದೆ, ನಿಂತಲ್ಲೇ ನಿಂತರೆ ಎಣ್ಣೆ ಇಳಿದುಹೋಗಿ ಅದಕ್ಕೆ ತುಕ್ಕು ಹಿಡಿಯುತ್ತದೆ. ದಿನಾ ಹಾರುವ ತರಬೇತಿ ವಿಮಾನಕ್ಕಿಂತ ಹೆಚ್ಚು ಕೆಲಸ ಇಂಥದ್ದರಲ್ಲೇ ಬಂದೀತು.

ಅಂದಾಜು ಪತ್ರದಲ್ಲಿ ಮೊದಲ ಸಾಲಿಗೇ ಬರೆಯುವುದು: ಇದು ತಪಾಸಣೆಯ ದರ, ರಿಪೇರಿಯ ದರವಲ್ಲ. ತಪಾಸಣೆಯಲ್ಲಿ ಏನೇನು ಮಾಡಬೇಕೆಂದು ಮೊದಲೇ ಗೊತ್ತು, ಆದ್ದರಿಂದ ಅದಕ್ಕೆ ನಿಗದಿತ ಬೆಲೆ ಕೊಡಬಹುದು. ಸಿಕ್ಕ ದೋಷಗಳಿಗೆ ಹಾಗೆ ಕೊಡಲಾಗದು. ಇವೆರಡನ್ನೂ ಒಂದೇ ಅಂಕಿಯಲ್ಲಿ ಕಟ್ಟಿ ಕೊಡುವ ಹ್ಯಾಂಗರ್‌ಗೆ ದೋಷ ಸಿಕ್ಕಷ್ಟೂ ನಷ್ಟ. ಕಣ್ಣಿಗೆ ಕಾಣದಿರಲಿ ಎಂದು ಬೇಡಿಕೊಳ್ಳುವಂಥ ತಪಾಸಣೆಗೆ ದುಡ್ಡು ಕೊಟ್ಟು ಗಿರಾಕಿಗಾದರೂ ಏನು ಬಂತು?

ಮೊದಲ ಎರಡೂವರೆ ಗಂಟೆ ಪೂರ್ತಿ ಕಾಗದ. ಏರ್‌ಫ್ರೇಮ್ (ವಿಮಾನದ ಒಡಲು), ಎಂಜಿನ್, ಪ್ರೊಪೆಲ್ಲರ್ ಮತ್ತು ಬಿಡಿ ಉಪಕರಣಗಳ ಮಾದರಿ ಹಾಗೂ ಸೀರಿಯಲ್ ನಂಬರ್‌ಗಳನ್ನು ವಿಮಾನದ ಮೇಲೆ ಹೋಗಿ ಓದಿ ಬರೆದುಕೊಳ್ಳಬೇಕು, ಲಾಗ್‌ಬುಕ್‌ನಿಂದ ನಕಲು ಮಾಡಬಾರದು. ಯಾವುದೋ ಕಾಲದಲ್ಲಿ ಕಾರ್ಬ್ಯುರೇಟರ್ ಅಥವಾ ಮ್ಯಾಗ್ನೆಟೋ ಬದಲಾಗಿ ಅದರ ನಂಬರು ಪುಸ್ತಕಕ್ಕೆ ಏರಿರುವುದಿಲ್ಲ. ನಂಬರು ತಪ್ಪಾದರೆ ಅದರ ಏಡಿಯೂ ತಪ್ಪುತ್ತದೆ. ಒಂದೇ ಸಲ ಮುಗಿಯುವ ಏಡಿಗಳು, ಮರುಕಳಿಸುವ ಏಡಿಗಳು ಎಂದು ಬೇರೆ ಮಾಡಬೇಕು. ಸೆಸ್ನಾ ಸೀಟಿನ ಹಳಿಗಳ ಮೇಲಿನ 2011-10-09 ಎರಡನೆಯ ಜಾತಿಯದ್ದು. ಪ್ರತಿ 100 ಗಂಟೆಗೆ ಅಥವಾ 12 ತಿಂಗಳಿಗೊಮ್ಮೆ ಹಳಿಯ ತೂತುಗಳ ಸವೆತ, ಪಿನ್ ಎಷ್ಟು ಆಳಕ್ಕೆ ಕೂರುತ್ತದೆ ಎಂಬುದನ್ನು ಅಳೆಯಬೇಕು. ವಿಮಾನ ಮೇಲೇರುವ ಹೊತ್ತಿನಲ್ಲಿ ಸೀಟು ಹಿಂದಕ್ಕೆ ಜಾರಿದರೆ ಪೈಲಟ್ ಕೈಯಲ್ಲಿ ಹಿಡಿದ ಕಂಟ್ರೋಲ್ ಕೂಡ ಹಿಂದೆ ಬರುತ್ತದೆ, ಮೂತಿ ಮೇಲೇಳುತ್ತದೆ. ಈ ಕಾಗದದ ಕೆಲಸಕ್ಕೆ ಸ್ಪ್ಯಾನರ್ ಬೇಡ, ಎಣ್ಣೆ ಮೆತ್ತಿಕೊಳ್ಳುವುದಿಲ್ಲ. ಹಾಗಾಗಿಯೇ ಗಿರಾಕಿಯ ಕಣ್ಣಿಗೂ ಇದು ಕೆಲಸವಲ್ಲ, ಎಷ್ಟೋ ಮೆಕ್ಯಾನಿಕ್‌ಗಳು ತಾವೇ ಇದನ್ನು ಬಿಲ್ಲಿಗೆ ಬರೆಯುವುದಿಲ್ಲ. ರಾತ್ರಿ ಮನೆಯಲ್ಲಿ ಕೂತು ಏಡಿ ಹುಡುಕುತ್ತಾರೆ. ಈ ವೃತ್ತಿಯ ಸಂಬಳ ಸೋರಿಹೋಗುವ ದೊಡ್ಡ ತೂತು ಇದು.

ಬಳಿಕ ಎಂಜಿನ್ ಬಿಸಿ ಮಾಡಿ, ಕೌಲಿಂಗ್ (ಎಂಜಿನಿನ ಹೊದಿಕೆ) ತೆಗೆದು, ಪ್ಯಾನೆಲ್‌ಗಳನ್ನೂ ನೆಲದ ಹಲಗೆಗಳನ್ನೂ ಬಿಚ್ಚಲು ಮೂರು ಗಂಟೆ. ಎಂಜಿನ್ ಬಿಸಿ ಇರುವಾಗಲೇ ಕಂಪ್ರೆಷನ್ ನೋಡಬೇಕು. 80 ಪಿಎಸ್‌ಐ (ಚದರ ಅಂಗುಲಕ್ಕೆ 80 ಪೌಂಡ್) ಒತ್ತಡದ ಗಾಳಿ ಕೊಟ್ಟಾಗ ಸಿಲಿಂಡರ್ ಎಷ್ಟು ಹಿಡಿದಿಟ್ಟುಕೊಳ್ಳುತ್ತದೆ ಎಂಬ ಪರೀಕ್ಷೆ ಇದು. ಗಾಳಿ ಎಲ್ಲಿಂದ ಸೋರುತ್ತದೆ ಎಂದು ಕಿವಿಗೊಟ್ಟು ಕೇಳುವುದು ಅಂಕಿಗಿಂತ ಮುಖ್ಯ: ಎಕ್ಸಾಸ್ಟ್ ಕೊಳವೆಯಲ್ಲಿ ಸದ್ದಾದರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರ್ ಬಾಯಲ್ಲಾದರೆ ಇನ್‌ಟೇಕ್ ವಾಲ್ವ್, ಎಣ್ಣೆ ಹಾಕುವ ಬಾಯಿಯಲ್ಲಾದರೆ ರಿಂಗ್. ಮಿತಿ ಎಷ್ಟೆಂಬುದನ್ನು ಆಯಾ ತಯಾರಕರ ಪುಸ್ತಕದಿಂದ ತೆಗೆದುಕೊಳ್ಳಬೇಕು. ಕಾಂಟಿನೆಂಟಲ್ ಎಂಜಿನ್ ಆದರೆ ಮಾಸ್ಟರ್ ಆರಿಫಿಸ್ (ಗೊತ್ತಾದ ಅಳತೆಯ ತೂತು) ಹಾಕಿ ಆ ದಿನದ, ಆ ಉಪಕರಣದ ಕೆಳಮಿತಿಯನ್ನು ಮೊದಲು ಅಳೆದುಕೊಳ್ಳಲು ಹೇಳುತ್ತದೆ. ಬಾಯಿಪಾಠದ ಅಂಕಿ ನಂಬಿ ಒಳ್ಳೆಯ ಸಿಲಿಂಡರ್ ಬಿಚ್ಚಿಸುವುದೂ ಅನ್ಯಾಯದ ಬಿಲ್ಲೇ. 80 ಪಿಎಸ್‌ಐ ಇರುವ ಸಿಲಿಂಡರ್‌ನ ಪಿಸ್ಟನ್ ಒಂದಿಷ್ಟು ಮಿಸುಕಿದರೂ ಪ್ರೊಪೆಲ್ಲರನ್ನು ಬೀಸಿ ಹೊಡೆಯಬಲ್ಲದು, ಅದನ್ನು ಒಬ್ಬರು ಗಟ್ಟಿಯಾಗಿ ಹಿಡಿದಿರಲೇಬೇಕು. ಒಂದು ಗಂಟೆಯ ಕೆಲಸಕ್ಕೆ ಬಿಲ್ಲಿನಲ್ಲಿ ಎರಡು ಗಂಟೆ ಕಂಡರೆ ಕಾರಣ ಇದು, ಇದನ್ನು ಬಿಲ್ಲಿನ ಸಾಲಿನಲ್ಲೇ "ಇಬ್ಬರು" ಎಂದು ಬರೆದುಬಿಡಬೇಕು.

ಎಂಟು ಸ್ಪಾರ್ಕ್ ಪ್ಲಗ್‌ಗಳಿಗೆ ಎರಡು ಗಂಟೆ. ತೆಗೆದು, ಸೀಸದ ಕಾಳುಗಳನ್ನು ಕೆದಕಿ, ಮರಳು ಊದಿ, ಗ್ಯಾಪ್ 0.016ರಿಂದ 0.021 ಅಂಗುಲದೊಳಗೆ ತಂದು, ರೆಸಿಸ್ಟೆನ್ಸ್ ಅಳೆದು, ಹೊಸ ತಾಮ್ರದ ವಾಷರ್ ಹಾಕಿ, ಮೇಲಿನದನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಬದಲಿಸಿ, ಲೈಕಾಮಿಂಗ್‌ಗೆ 35 ಅಡಿ-ಪೌಂಡ್ ಟಾರ್ಕ್. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಕಸದ ಬುಟ್ಟಿಗೆ. ಒಳಗಿನ ಪಿಂಗಾಣಿ ಬಿರಿದಿದ್ದರೆ ಹೊರಗಿಂದ ಕಾಣುವುದಿಲ್ಲ. ಅದರ ಬೆಲೆ ಹ್ಯಾಂಗರ್‌ನದ್ದು, ಗಿರಾಕಿಯದ್ದಲ್ಲ. ಎಣ್ಣೆ ಮತ್ತು ಫಿಲ್ಟರ್‌ಗೆ ಒಂದೂವರೆ ಗಂಟೆ, ಏಕೆಂದರೆ ಫಿಲ್ಟರನ್ನು ಕಟರ್‌ನಿಂದ ಬಿಡಿಸಿ ಒಳಗಿನ ಮಡಿಕೆಯ ಕಾಗದವನ್ನು ಹರಡಿ, ಅಯಸ್ಕಾಂತ ಆಡಿಸಿ, ಲೋಹದ ಚೂರು ನೋಡಬೇಕು. ಹ್ಯಾಕ್ಸಾದಲ್ಲಿ ಕತ್ತರಿಸಿದರೆ ಗರಗಸದ ಪುಡಿಯೇ ಕಾಗದದ ಮೇಲೆ ಬಿದ್ದು ಇಲ್ಲದ ಭಯ ಹುಟ್ಟಿಸುತ್ತದೆ. ಮ್ಯಾಗ್ನೆಟೋ ಟೈಮಿಂಗ್‌ಗೆ ಒಂದು ಗಂಟೆ, ಎಷ್ಟು ಡಿಗ್ರಿ ಎಂಬುದನ್ನು ಎಂಜಿನಿನ ಡೇಟಾ ಪ್ಲೇಟ್ ನೋಡಿಯೇ ಇಡಬೇಕು.

ಏರ್‌ಫ್ರೇಮ್ ಸುತ್ತಿ ನೋಡಲು ಐದು ಗಂಟೆ: ಕಂಟ್ರೋಲ್ ಕೇಬಲ್‌ಗಳು ರಾಟೆಯ ಮೇಲೆ ಹಾಯುವ ಕಡೆ ಬಟ್ಟೆ ಸವರಿ ಮುರಿದ ಎಳೆ ಹುಡುಕುವುದು, ಹಿಂಜ್‌ಗಳು, ರೆಕ್ಕೆಯ ಸ್ಪಾರ್ (ಒಳಗಿನ ಮುಖ್ಯ ತೊಲೆ) ಕೂಡುವ ಜಾಗ, ನೆಲದಡಿಯ ತುಕ್ಕು, ಇಲಿಗೂಡು. ಇಲಿಗೂಡು ತಮಾಷೆಯಲ್ಲ, ಇಲಿಯ ಮೂತ್ರಕ್ಕೆ ಅಲ್ಯುಮಿನಿಯಂ ಕೊರೆದುಹೋಗುತ್ತದೆ. ಚಕ್ರ, ಬ್ರೇಕ್, ಬೇರಿಂಗ್ ತೊಳೆದು ಗ್ರೀಸ್ ತುಂಬುವುದು, ಉಳಿದ ಲೂಬ್ರಿಕೇಷನ್, ಮೂರು ಗಂಟೆ. ಮುಚ್ಚಲು ಮೂರು. ಕೊನೆಗೆ ಎಂಜಿನ್ ಚಾಲೂ ಮಾಡಿ ಸ್ಟ್ಯಾಟಿಕ್ ಮತ್ತು ಐಡ್ಲ್ ವೇಗ, ಮ್ಯಾಗ್ನೆಟೋ, ಇಂಧನ ಮತ್ತು ಎಣ್ಣೆಯ ಒತ್ತಡ, ಸಿಲಿಂಡರ್ ಹಾಗೂ ಎಣ್ಣೆಯ ಬಿಸಿ ನೋಡಿ, ನಿಲ್ಲಿಸಿ ಸೋರಿಕೆ ಹುಡುಕಲು ಒಂದು. ಅಮೆರಿಕದ ವಿಮಾನಯಾನ ಪ್ರಾಧಿಕಾರವಾದ ಎಫ್‌ಎಎಯ ನಿಯಮ 43.15ರಲ್ಲಿ ಈ ಓಟ ಐಚ್ಛಿಕವಲ್ಲ, ಸಹಿಗೆ ಮೊದಲು ಆಗಲೇಬೇಕು. ಲಾಗ್‌ಬುಕ್, ಏಡಿ ಪಟ್ಟಿ, ಕೆಲಸದ ಚೀಟಿಗಳಿಗೆ ಎರಡು.

ಎಲ್ಲ ಕೂಡಿದರೆ 26 ಗಂಟೆ, 348ರಂತೆ 9,048. ಇದರಲ್ಲಿ ನಾಲ್ಕೂವರೆ ಗಂಟೆ ಬರೀ ಕಾಗದ. ದರ ಹೋಲಿಸುವವರು ಮೊದಲು ಕೇಳಬೇಕಾದದ್ದು ಇದನ್ನೇ: ಅಗ್ಗದ ಅಂದಾಜಿನಲ್ಲಿ ಕಾಗದದ ಗಂಟೆ ಎಲ್ಲಿ ಹೋಯಿತು? ಒಂದೋ ಆ ಕೆಲಸ ಆಗುವುದಿಲ್ಲ, ಇಲ್ಲವೇ ಯಾರೋ ಪುಕ್ಕಟೆ ಮಾಡುತ್ತಿದ್ದಾರೆ.

ಈ ವಿಮಾನದಲ್ಲಿ ಅಂದಾಜು ಕೆಟ್ಟದ್ದು ಸ್ಕ್ರೂಗಳಿಂದ. ರೆಕ್ಕೆಯಡಿಯ ಪ್ಯಾನೆಲ್‌ಗಳಲ್ಲಿ 14 ಸ್ಕ್ರೂ ಕಚ್ಚಿಕೊಂಡು ಕೂತಿದ್ದವು. ಹಿಂದಿನವರು ಸವೆದ ಬಿಟ್ ಹಾಕಿ ತಲೆಯನ್ನು ಬಟ್ಟಲು ಮಾಡಿಟ್ಟಿದ್ದರು. ತುಕ್ಕಿಳಿಸುವ ಎಣ್ಣೆ ಹಾಕಿ ರಾತ್ರಿ ಬಿಡುವುದು, ಬಿಟ್ ತುದಿಗೆ ವಾಲ್ವ್ ಉಜ್ಜುವ ಪೇಸ್ಟ್ ಹಚ್ಚಿ ಹಿಡಿತ ತರುವುದು, ಆಗದಿದ್ದರೆ ಎಡಸುತ್ತಿನ ಡ್ರಿಲ್ ಬಿಟ್, ಅದೂ ಆಗದಿದ್ದರೆ ತಲೆ ಕೊರೆದು ತೆಗೆಯುವುದು. ಸ್ಕ್ರೂ ಹಿಂದಿನ ನಟ್‌ಪ್ಲೇಟ್ (ರಿವೆಟ್ ಹೊಡೆದು ಕೂರಿಸಿದ ನಟ್) ತಿರುಗಿಬಿಟ್ಟರೆ ಅದರ ರಿವೆಟ್ ಕೊರೆದು ಹೊಸದು ಕೂರಿಸಬೇಕು. ಅಂಥ ಒಂದೊಂದು ನಟ್‌ಪ್ಲೇಟ್‌ಗೆ ಅರ್ಧ ಗಂಟೆಗೂ ಮೇಲೆ. ಎಲ್ಲ ಸೇರಿ ಇದಕ್ಕೆ ನಾಲ್ಕು ಗಂಟೆ ಹೆಚ್ಚಾಯಿತು. ಇಂಥದ್ದನ್ನು "ಹೋಗಲಿ ಬಿಡಿ" ಎಂದು ನುಂಗಿಕೊಳ್ಳುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಬೇರುಬಿಟ್ಟಿದೆ. ನುಂಗಬಾರದು. ಆರನೆಯ ಸ್ಕ್ರೂಗೆ ಕೆಲಸ ನಿಲ್ಲಿಸಿ ಫೋಟೋ ತೆಗೆದು ಮಾಲೀಕರಿಗೆ ಕಳಿಸಬೇಕು. ಮೊದಲೇ ಹೇಳಿದ ನಾಲ್ಕು ಗಂಟೆಗೆ ತಕರಾರಿರುವುದಿಲ್ಲ, ಕೊನೆಯ ದಿನ ಬಿಲ್ಲಿನಲ್ಲಿ ಕಂಡ ಅರ್ಧ ಗಂಟೆಗೆ ಜಗಳವಾಗುತ್ತದೆ.

ಉಳಿದ ದೋಷಗಳನ್ನು ಮೂರು ಗುಂಪು ಮಾಡಿ ಬರಹದಲ್ಲಿ ಕೊಡುತ್ತೇವೆ: ಸರಿಮಾಡದೆ ಹಾರುವಂತಿಲ್ಲ, ಈಗಲೇ ಮಾಡಿದರೆ ಒಳ್ಳೆಯದು, ಮುಂದಿನ ಸಲ ನೋಡಬಹುದು. ಮಫ್ಲರ್‌ನಲ್ಲಿ ಬಿರುಕು ಮೊದಲ ಗುಂಪಿಗೆ. ಕ್ಯಾಬಿನ್ ಬಿಸಿ ಮಾಡುವ ಗಾಳಿ ಅದರ ಸುತ್ತಲೇ ಹಾಯ್ದು ಬರುವುದರಿಂದ ಕಾರ್ಬನ್ ಮಾನಾಕ್ಸೈಡ್ ನೇರ ಮೂಗಿಗೆ. ವ್ಯಾಕ್ಯೂಮ್ ಕ್ಲೀನರ್‌ನ ಊದುವ ಬಾಯಿಯನ್ನು ಎಕ್ಸಾಸ್ಟ್‌ಗೆ ಜೋಡಿಸಿ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ, ಆ ಗುಳ್ಳೆಯನ್ನು ಮಾಲೀಕರಿಗೆ ತೋರಿಸಿದರೆ ಬೇರೆ ವಾದ ಬೇಕಿಲ್ಲ. ಬ್ರೇಕ್ ಲೈನಿಂಗ್ 0.100 ಅಂಗುಲಕ್ಕೆ ಬಂದಿದ್ದರೆ ಅದೂ ಮೊದಲ ಗುಂಪು. ಬಣ್ಣ ಎದ್ದ ಕೌಲಿಂಗ್ ಮೂರನೆಯದಕ್ಕೆ. ರಿಪೇರಿಗೆ ಮಾಲೀಕರು ಒಪ್ಪದಿದ್ದರೂ ತಪಾಸಣೆಯ ಹಣ ಸಿಗಲೇಬೇಕು. ಎಫ್‌ಎಎ ಪದ್ಧತಿಯಲ್ಲಿ ಇದಕ್ಕೆ ದಾರಿಯಿದೆ: ದೋಷಗಳ ಪಟ್ಟಿಗೆ ಸಹಿ, ತಾರೀಕು ಹಾಕಿ ಮಾಲೀಕರ ಕೈಗೆ ಕೊಟ್ಟು, ತಪಾಸಣೆ ಆಗಿದೆ, ಹಾರಲು ಯೋಗ್ಯವಲ್ಲ ಎಂದು ಲಾಗ್‌ಬುಕ್‌ನಲ್ಲಿ ಬರೆಯಬಹುದು. ಬೇರೆ ಕಡೆ ರಿಪೇರಿ ಮಾಡಿಸಿಕೊಳ್ಳುವುದು ಅವರ ಇಷ್ಟ. ತಯಾರಕರು ಹೊರಡಿಸುವ ಸರ್ವಿಸ್ ಬುಲೆಟಿನ್‌ಗಳನ್ನು ಏಡಿಗಳ ಜೊತೆ ಕಲಸಬಾರದು. ಖಾಸಗಿ ಹಾರಾಟಕ್ಕೆ ಹಲವು ದೇಶಗಳಲ್ಲಿ ಬುಲೆಟಿನ್ ಕಡ್ಡಾಯವಲ್ಲ. ಮಾಡಿಸುವುದು ಒಳ್ಳೆಯದೆಂದು ಹೇಳಿ, ಬೇರೆ ಸಾಲಿನಲ್ಲಿ ಬೆಲೆ ಹಾಕಿ, ತೀರ್ಮಾನ ಅವರಿಗೆ ಬಿಡಬೇಕು.

ದೋಷ ಹುಡುಕುವ ಗಂಟೆಗೆ ಬೆಲೆ ಹೇಳುವುದು ಎಲ್ಲಕ್ಕಿಂತ ಕಷ್ಟ. ಆಲ್ಟರ್ನೇಟರ್ ಒಮ್ಮೆ ಚಾರ್ಜ್ ಮಾಡುತ್ತದೆ, ಒಮ್ಮೆ ಇಲ್ಲ. ಮೂರು ಗಂಟೆ ವೋಲ್ಟೇಜ್ ಡ್ರಾಪ್ ಅಳೆದು ಅಳೆದು ಕೊನೆಗೆ ಸಿಕ್ಕಿದ್ದು ಸಡಿಲವಾದ ಒಂದು ಗ್ರೌಂಡ್ ಟರ್ಮಿನಲ್. "ಒಂದು ತುಂಡು ವೈರಿಗೆ ಇಷ್ಟಾ?" ಎಂದು ಕೇಳುತ್ತಾರೆ. ಅಳೆಯದೆ ಆಲ್ಟರ್ನೇಟರ್ ಬದಲಿಸಿ, ಅದು ಆಗದಿದ್ದಾಗ ರೆಗ್ಯುಲೇಟರ್ ಬದಲಿಸಿ ಬಿಲ್ಲು ಮಾಡಿದರೆ ಯಾರೂ ಹೀಗೆ ಕೇಳುವುದಿಲ್ಲ, ಕೈಯಲ್ಲಿ ಹಿಡಿಯಬಹುದಾದ ವಸ್ತು ಇದೆಯಲ್ಲ. ಹಾಗಾಗಿ ಹುಡುಕಾಟಕ್ಕೆ ಮೊದಲೇ ಎರಡು ಗಂಟೆಯ ಮಿತಿ ಹೇಳಿ, ಮಿತಿ ಮುಟ್ಟಿದಾಗ ಇಲ್ಲಿಯವರೆಗೆ ಯಾವುದು ಅಲ್ಲವೆಂದು ಗೊತ್ತಾಗಿದೆ ಎಂಬ ಪಟ್ಟಿ ಕೊಟ್ಟು ಮತ್ತೆ ಒಪ್ಪಿಗೆ ತೆಗೆದುಕೊಳ್ಳುತ್ತೇವೆ. ಆದರೆ ಈ ಮಾದರಿಯ ಕೆಲಸ ಮೊದಲ ಸಲ ಮಾಡುವವರು ಅನುಭವಿಗಳಿಗಿಂತ ಎರಡು ಪಟ್ಟು ಹೊತ್ತು ತೆಗೆದುಕೊಂಡರೆ ಆ ಹೆಚ್ಚಿನದು ಕಲಿಕೆಯ ಗಂಟೆ. ಅದನ್ನು ಗಿರಾಕಿಯ ತಲೆಗೆ ಕಟ್ಟಬಾರದು, ಕಲಿಯುವವರ ಸಂಬಳದಲ್ಲೂ ಕತ್ತರಿಸಬಾರದು. ಆ 30 ಶೇಕಡಾ ಬಿಲ್ಲಾಗದ ಗಂಟೆ ಇರುವುದು ಇಂಥದ್ದಕ್ಕೇ.

ಇಂಧನ ಟ್ಯಾಂಕ್ ಸೋರಿಕೆಗೆ ಮಾತ್ರ ನಿಗದಿತ ಬೆಲೆಯನ್ನು ಯಾವತ್ತೂ ಹೇಳಬೇಡಿ. ಹೊರಗೆ ನೀಲಿ ಕಲೆ ಕಂಡ ಜಾಗ ಒಂದು, ಒಳಗೆ ಸೋರುವ ಜಾಗ ಇನ್ನೊಂದು. ಹಳೆಯ ಸೀಲಂಟ್ ಕೆರೆದು, ತೊಳೆದು, ಹೊಸದು ಹಚ್ಚಿ, ಅದು ಗಟ್ಟಿಯಾಗಲು ಬಿಟ್ಟು, ಪರೀಕ್ಷಿಸಿ, ಸೋರಿದರೆ ಮತ್ತೆ ಮೊದಲಿಂದ. ಬಿ-2 ಸೀಲಂಟ್ ಎಂದರೆ ಕಲಸಿದ ಮೇಲೆ ಹಚ್ಚಲು ಎರಡು ಗಂಟೆ ಇದೆ ಎಂದಷ್ಟೇ, ಎರಡು ಗಂಟೆಗೆ ಒಣಗುತ್ತದೆ ಎಂದಲ್ಲ. ಚಳಿಯಲ್ಲಿ ಗಟ್ಟಿಯಾಗುವುದು ದಿನಗಟ್ಟಲೆ. ಅಷ್ಟೂ ದಿನ ಹ್ಯಾಂಗರ್‌ನ ಜಾಗ ಹಿಡಿದಿರುತ್ತದೆ, ಬಿಲ್ಲಿಗೆ ಒಂದು ಗಂಟೆಯೂ ಏರುವುದಿಲ್ಲ. ಜಾಗದ ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳುವುದು ವಾಸಿ.

ಬಿಡಿಭಾಗದ ಮೇಲೆ ಹಾಕುವ ಅಂತರದ ಬಗ್ಗೆ ಗಿರಾಕಿಗಳಿಗೆ ಅನುಮಾನ ಹೆಚ್ಚು. ಪಟ್ಟಿಯಲ್ಲಿ ಸರಿಯಾದ ನಂಬರು ಹುಡುಕುವುದು, ತರಿಸುವುದು, ಬಂದದ್ದರ ಜೊತೆ ಅದು ಬಳಕೆಗೆ ಯೋಗ್ಯ ಎಂಬ ಪ್ರಮಾಣಪತ್ರ (ಎಫ್‌ಎಎ 8130-3 ಅಥವಾ ಯುರೋಪಿನ ಈಏಎಸ್‌ಎ ಫಾರ್ಮ್ 1) ಇದೆಯೇ ಎಂದು ನೋಡುವುದು, ತಪ್ಪು ಬಂದರೆ ವಾಪಸ್ ಮಾಡುವುದು, ಮೂರು ತಿಂಗಳಿಗೆ ಕೆಟ್ಟರೆ ಬಿಚ್ಚಿ ಜೋಡಿಸುವ ಕೂಲಿ, ಇವೆಲ್ಲ ಆ ಅಂತರದಿಂದಲೇ ಬರಬೇಕು. ತಯಾರಕರ ವಾರಂಟಿ ವಸ್ತುವನ್ನು ಕೊಟ್ಟೀತು, ಕೂಲಿಯನ್ನು ಕೊಡುವುದು ಅಪರೂಪ. ಮಾಲೀಕರೇ ಭಾಗ ತಂದುಕೊಟ್ಟರೆ ಬೇಡವೆನ್ನುವುದಿಲ್ಲ, ಆದರೆ ಕಾಗದಪತ್ರ ಇಲ್ಲದೆ ಜೋಡಿಸುವುದಿಲ್ಲ, ಕೆಟ್ಟರೆ ಕೂಲಿ ಮತ್ತೆ ಕೊಡಬೇಕೆಂದು ಬರೆಸಿಕೊಳ್ಳುತ್ತೇವೆ. ಸಿಲಿಂಡರ್, ಮ್ಯಾಗ್ನೆಟೋ, ಆಲ್ಟರ್ನೇಟರ್‌ಗಳಿಗೆ ಕೋರ್ ಠೇವಣಿ (ಹಳೆಯ ಭಾಗ ಮರಳಿಸಿದರೆ ವಾಪಸ್ ಸಿಗುವ ಹಣ) ಬೇರೆ. ಹಳೆಯ ಸಿಲಿಂಡರ್‌ನಲ್ಲಿ ಬಿರುಕಿದ್ದರೆ ಆ ಠೇವಣಿ ವಾಪಸ್ ಬರುವುದೇ ಇಲ್ಲ, ಆದ್ದರಿಂದ ಅದನ್ನು ಒಟ್ಟು ಬೆಲೆಯಿಂದ ಮೊದಲೇ ಕಳೆದು ತೋರಿಸಬಾರದು.

ನಂಬರು ಹುಡುಕುವ ಆ ಕಾಲು ಗಂಟೆ ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ 1990ರ ಜೂನ್ 10ರ ಬ್ರಿಟಿಷ್ ಏರ್‌ವೇಸ್ 5390 ಹಾರಾಟದ ಅವಘಡ ಸಾಕು. ಬಿಎಸಿ ಒನ್-ಇಲೆವೆನ್ ವಿಮಾನದ ಮುಂಗಾಜು ಹಾರಾಟದಲ್ಲೇ ಕಿತ್ತುಹೋಗಿ ಕ್ಯಾಪ್ಟನ್ ಅರ್ಧ ಹೊರಗೆ ನೇತಾಡಿದರು, ಬದುಕಿದರು. ಗಾಜು ಕೂರಿಸಿದ 90 ಬೋಲ್ಟ್‌ಗಳಲ್ಲಿ 84ರ ದಪ್ಪ ಕಡಿಮೆ, ಉಳಿದ ಆರರ ಉದ್ದ ಕಡಿಮೆ. ಕೆಲಸ ಮಾಡಿದ್ದು ರಾತ್ರಿ ಪಾಳಿಯ ಮುಖ್ಯಸ್ಥರೇ, ಜನ ಕಡಿಮೆ ಇದ್ದದ್ದಕ್ಕೆ. ಬಿಡಿಭಾಗದ ಪಟ್ಟಿ ನೋಡದೆ ಹಳೆಯ ಬೋಲ್ಟ್ ಪಕ್ಕ ಇಟ್ಟು ಕಣ್ಣಳತೆಯಲ್ಲೇ ಆರಿಸಿದ್ದರು.

ಸಂಬಳ ಕೊಡುವ ಬಗೆಯಲ್ಲಿ ನಮಗೆ ಖಚಿತವಾದ ಒಂದು ಅಭಿಪ್ರಾಯವಿದೆ: ಕಾರಿನ ಗ್ಯಾರೇಜುಗಳ ಗುತ್ತಿಗೆ ಪದ್ಧತಿ ಇಲ್ಲಿಗೆ ಬೇಡ. ಕೆಲಸಕ್ಕೆ ನಾಲ್ಕು ಗಂಟೆ ಎಂದು ನಿಗದಿಯಾಗಿ ಮೂರಕ್ಕೆ ಮುಗಿಸಿದವರಿಗೆ ನಾಲ್ಕರ ಹಣ ಎಂದಾದರೆ ಬೇಗ ಮುಚ್ಚಿದವರಿಗೆ ಬಹುಮಾನ, ಬಿರುಕು ಕಂಡು ನಿಂತವರಿಗೆ ದಂಡ. ಗಿರಾಕಿಗೆ ನಿಗದಿತ ಬೆಲೆ ಹೇಳಬಹುದು, ಮೆಕ್ಯಾನಿಕ್‌ಗೆ ಗಂಟೆಯ ಸಂಬಳವೇ ಇರಬೇಕು. ನಡುವಿನ ಏರಿಳಿತ ಹ್ಯಾಂಗರ್ ಹೊರಬೇಕು, ಅಂದಾಜು ಹಾಕಿದ್ದು ಅದೇ ತಾನೆ? 1993ರಲ್ಲಿ ಕೆನಡಾ ಸರ್ಕಾರದ ಸಾರಿಗೆ ಇಲಾಖೆಯಾದ ಟ್ರಾನ್ಸ್‌ಪೋರ್ಟ್ ಕೆನಡಾದಲ್ಲಿದ್ದ ಗಾರ್ಡನ್ ಡ್ಯುಪಾಂಟ್, ಮೆಕ್ಯಾನಿಕ್‌ಗಳ ತಪ್ಪಿಗೆ ಕಾರಣವಾಗುವ 12 ಅಂಶಗಳ ಪಟ್ಟಿ ಮಾಡಿದರು. ಅದರಲ್ಲಿ ದಣಿವು, ಒತ್ತಡ, ಸಂಪನ್ಮೂಲದ ಕೊರತೆ ಮೂರೂ ಇವೆ. ಅಗ್ಗದ ಅಂದಾಜು ಈ ಮೂರನ್ನೂ ಒಟ್ಟಿಗೆ ತರುತ್ತದೆ.

ಸಹಿ ಹಾಕುವವರ ಸಂಬಳ ಬಿಚ್ಚುವವರಿಗಿಂತ ಹೆಚ್ಚಿರಬೇಕೇ ಎಂಬುದಕ್ಕೆ ಉತ್ತರ ಲೈಸೆನ್ಸಿನಲ್ಲೇ ಇದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯಾದ ಐಸಿಎಒದ ಮೊದಲ ಅನುಬಂಧ ಕೇಳುವುದು ನಾಲ್ಕು ವರ್ಷದ ಅನುಭವ, ಮಾನ್ಯ ತರಬೇತಿ ಆಗಿದ್ದರೆ ಎರಡು. ಅದರ ಮೇಲೆ ಹೊಣೆ. ಅಮೆರಿಕದಲ್ಲಿ 1994ರ ಕಾನೂನು ಸಣ್ಣ ವಿಮಾನಗಳ ತಯಾರಕರ ಮೇಲೆ 18 ವರ್ಷ ಕಳೆದ ಮೇಲೆ ದಾವೆ ಹೂಡದಂತೆ ತಡೆಯಿತು. ಹಳೆಯ ವಿಮಾನ ಬಿದ್ದರೆ ವಕೀಲರ ಕಣ್ಣು ಕೊನೆಯ ಲಾಗ್‌ಬುಕ್ ಸಹಿಯ ಮೇಲೆ. ಹೊಣೆಗಾರಿಕೆ ವಿಮೆ ಇಲ್ಲದೆ ಸ್ನೇಹಕ್ಕಾಗಿ ಹಾಕಿದ ಸಹಿ ಪುಕ್ಕಟೆ ಅನ್ನಿಸಿದರೂ ವರ್ಷಗಟ್ಟಲೆ ಬೆನ್ನಿಗಿರುತ್ತದೆ. ಕಂಟ್ರೋಲ್ ಕೇಬಲ್ ಬಿಚ್ಚಿ ಜೋಡಿಸಿದರೆ ಜೋಡಿಸದ ಇನ್ನೊಬ್ಬರು ಬಂದು ನೋಡಬೇಕು, ಚುಕ್ಕಾಣಿ ಎಡಕ್ಕೆ ಎಂದರೆ ಎಡಕ್ಕೇ ಹೋಗುತ್ತದೆಯೇ ಎಂದು. ಆ ಕಾಲು ಗಂಟೆಯೂ ಬಿಲ್ಲಿನಲ್ಲಿ ಇರಲಿ.

ಮಾಲೀಕರು ತಾವೇ ಪ್ಯಾನೆಲ್ ಬಿಚ್ಚುತ್ತೇವೆ, ಹಣ ಇಳಿಸಿ ಎನ್ನುವುದುಂಟು. ಒಪ್ಪಬಹುದು, ಬಿಚ್ಚುವ ಮುಚ್ಚುವ ಆರು ಗಂಟೆಯಲ್ಲಿ ಮೂರನ್ನು ಇಳಿಸುತ್ತೇವೆ, ಆರನ್ನೂ ಅಲ್ಲ. ಯಾವ ಸ್ಕ್ರೂ ಎಲ್ಲಿಯದು ಎಂದು ಹಲಗೆಗೆ ಚುಚ್ಚಿಡುವುದನ್ನು ತೋರಿಸಿಕೊಡಬೇಕು, ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋಗಿ ಒಳಗಿನ ವೈರಿಗೆ ತಾಗಿದೆಯೇ ಎಂದು ಮತ್ತೆ ನೋಡಬೇಕು.

ಹೊರಗಡೆ ಕೆಟ್ಟು ನಿಂತ ವಿಮಾನಕ್ಕೆ ಹೋಗುವಾಗ ಗಂಟೆ ಶುರುವಾಗುವುದು ಹ್ಯಾಂಗರ್ ಬಾಗಿಲಲ್ಲಿ, ಮುಗಿಯುವುದು ಅದೇ ಬಾಗಿಲಲ್ಲಿ. ಪ್ರಯಾಣದ ಗಂಟೆಯನ್ನು ಗಿರಾಕಿಯಿಂದ ಪೂರ್ತಿ ತೆಗೆದುಕೊಂಡು ಮೆಕ್ಯಾನಿಕ್‌ಗೆ ಅರ್ಧ ಕೊಡುವ ಪದ್ಧತಿ ಕೆಲವೆಡೆ ಇದೆ, ಅದು ಸರಿಯಲ್ಲ. ದೊಡ್ಡ ಏರ್‌ಲೈನ್ ತಪಾಸಣೆಗಳಲ್ಲೂ ಜಗಳದ ಮೂಲ ಇದೇ ಜಾತಿಯದು: ಮೊದಲೇ ಗೊತ್ತಿರುವ ಕೆಲಸದ ಕಾರ್ಡುಗಳಿಗೆ ನಿಗದಿತ ಬೆಲೆ, ಬಿಚ್ಚಿದ ಮೇಲೆ ಹುಟ್ಟುವ ಕಾರ್ಡುಗಳಿಗೆ ಗಂಟೆ ಲೆಕ್ಕ. ಹಳೆಯ ವಿಮಾನದಲ್ಲಿ ಎರಡನೆಯದೇ ಮೊದಲನೆಯದನ್ನು ಮೀರುವುದುಂಟು. ಒಂದು ಕಾರ್ಡಿಗೆ ಇಷ್ಟು ಗಂಟೆಯವರೆಗೆ ನಿಗದಿತ ಬೆಲೆಯಲ್ಲೇ ಸೇರಿದೆ ಎಂಬ ಷರತ್ತನ್ನು ಗುತ್ತಿಗೆಯಲ್ಲಿ ಸರಿಯಾಗಿ ಓದದವರು ಆ ಗಂಟೆಗಳನ್ನು ಕೈಯಿಂದ ಹಾಕುತ್ತಾರೆ.

ನಮ್ಮ ನಾಲ್ಕು ಆಸನದ ವಿಮಾನದ ಬಿಲ್ಲು ಹೀಗೆ ನಿಂತಿತು: ತಪಾಸಣೆ 26 ಗಂಟೆ, ಸ್ಕ್ರೂ ಮತ್ತು ನಟ್‌ಪ್ಲೇಟ್ ನಾಲ್ಕು, ಮಫ್ಲರ್ ಬದಲಿಸಿದ್ದು ಮೂರು, ಬ್ರೇಕ್ ಲೈನಿಂಗ್ ಒಂದೂವರೆ. ಒಟ್ಟು ಮೂವತ್ತನಾಲ್ಕೂವರೆ ಗಂಟೆ, 12,006. ಬಿಡಿಭಾಗ, ಎಣ್ಣೆ, ಫಿಲ್ಟರ್, ವಾಷರ್, ಸೇಫ್ಟಿ ವೈರ್ ಬೇರೆ ಸಾಲುಗಳಲ್ಲಿ, ಪ್ರತಿಯೊಂದಕ್ಕೂ ಪಾರ್ಟ್ ನಂಬರ್ ಸಮೇತ. ಬಿಲ್ಲು ಕೊಟ್ಟ ಮೇಲೆ ಕೆಲಸದ ಚೀಟಿಯಲ್ಲಿ ಅಂದಾಜಿನ ಪಕ್ಕ ನಿಜವಾಗಿ ಹಿಡಿದ ಗಂಟೆಯನ್ನು ಬರೆದಿಡುತ್ತೇವೆ. ಬಿಚ್ಚಲು ಮೂರು ಎಂದದ್ದು ಸ್ಕ್ರೂಗಳೂ ಸೇರಿ ಏಳಾಗಿತ್ತು. ಈಗ ಅಲ್ಲಿ ಹೊಸ ಸ್ಟೇನ್‌ಲೆಸ್ ಸ್ಕ್ರೂಗಳಿವೆ, ಏಡಿ ಪಟ್ಟಿಯೂ ಕೈಯಲ್ಲಿದೆ. ಮುಂದಿನ ವರ್ಷ ಇದೇ ವಿಮಾನಕ್ಕೆ ಕಾಗದ ಒಂದೂವರೆ ಗಂಟೆ, ಬಿಚ್ಚಲು ಎರಡೂವರೆ, ಮುಚ್ಚಲು ಎರಡೂವರೆ. ಅಂದಾಜು 24 ಗಂಟೆ ಎಂದು ಚೀಟಿಯ ಹಿಂದೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದಾಗಿದೆ.